ಮೇಜಿಗೆ ತಾಗದ ಅಂಗೈ

ಮಾರ್ಚ್ 4, ಮಂಗಳವಾರ

ದಿನಾ ಅಳತೆ ಬರೆದಿಡಿ ಎಂದು ಕೈ ಡಾಕ್ಟರಮ್ಮ ಹೇಳಿದ್ದಾಳೆ. ಅದಕ್ಕೆ ಈ ಪುಸ್ತಕ. ಯಾವನೋ ಗಿರಾಕಿ ಬೈಂಡಿಂಗಿಗೆ ಕೊಟ್ಟು ಮರೆತುಹೋದ ರಿಜಿಸ್ಟರು. ಗೆರೆಗಳು ಓರೆ, ಹೊಲಿಗೆ ಮಾತ್ರ ನನ್ನದು, ಎಳೆದರೂ ಬಿಡುವುದಿಲ್ಲ. ಅವಳಿಗೆ ತೋರಿಸುವುದು ಅಳತೆ ಅಷ್ಟೇ. ಉಳಿದದ್ದು ನನಗೆ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಐವತ್ತೆಂಟು ವರ್ಷ ಬೇರೆಯವರು ಬರೆದದ್ದನ್ನು ಹೊಲಿದು, ಅಂಟು ಹಾಕಿ, ರಟ್ಟು ಕಟ್ಟಿ ಕೊಟ್ಟಿದ್ದೇನೆ. ಒಂದು ಸಾಲೂ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ, ಅದೂ ಕೈ ಕೆಟ್ಟ ಮೇಲೆ.

ಡಾಕ್ಟರಮ್ಮ ಮೇಜು ಒರೆಸಿ, "ಅಂಗೈ ಚಪ್ಪಟೆಯಾಗಿ ಇಡಿ" ಎಂದಳು. ಇಟ್ಟೆ. ಉಂಗುರದ ಬೆರಳು, ಕಿರುಬೆರಳು ಎರಡೂ ನೆಟ್ಟಗಾಗಲಿಲ್ಲ. ಅಂಗೈ ಕೆಳಗೆ ಅವಳು ಒಂದು ಪೆನ್ಸಿಲ್ ತೂರಿಸಿದಳು. ಈ ಕಡೆಯಿಂದ ಹೋಗಿ ಆ ಕಡೆ ಬಂತು.

"ನಿಮ್ಮ ಮೇಜು ಡೊಂಕು" ಎಂದೆ.

"ಇದರ ಮೇಲೆ ಕೈ ಇಟ್ಟೋರೆಲ್ಲ ಮೇಜಿಗೇ ಬೈತಾರೆ, ಯಜಮಾನ್ರೇ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?"

"ಇಲ್ಲ."

"ಯಾರಿಗೂ ಇಲ್ವಾ, ಇಲ್ಲ ಮನೇಲಿ ಯಾರೂ ಇಲ್ವಾ?"

"ಎರಡೂ."

ಅಂಗೈಯ ಚರ್ಮದ ಕೆಳಗೆ ಹುರಿ ಹಗ್ಗದಂಥದು ಎದ್ದಿದೆ. ಒತ್ತಿದರೆ ಸಿಗುತ್ತದೆ. ಅದೇ ಬೆರಳನ್ನು ಒಳಕ್ಕೆ ಎಳೆಯುತ್ತಿದೆಯಂತೆ. ಕುಯ್ದು ತೆಗೆಯಬೇಕಂತೆ. ಏಪ್ರಿಲ್ ಹತ್ತಕ್ಕೆ ದಿನ ಕೊಟ್ಟಿದ್ದಾರೆ. ಮನೆಗೆ ಕರೆದುಕೊಂಡು ಹೋಗಲು ಒಬ್ಬರು ಜೊತೆಗೆ ಇರಲೇಬೇಕಂತೆ. "ನಾನೇನು ಪಾರ್ಸಲ್ಲೇ?" ಎಂದೆ. ನಕ್ಕಳು. ಆದರೂ ಫಾರಂ ಕೊಟ್ಟಳು. ಜೊತೆಗೆ ಬರುವವರ ಹೆಸರು ಎಂಬ ಜಾಗ ಖಾಲಿ ಇದೆ.

ಮನೆಗೆ ಬಂದು ನಾನೇ ಅಳೆದೆ. ಪೆನ್ಸಿಲ್ ಅಳತೆ ನನಗೆ ಆಗಿಬರುವುದಿಲ್ಲ. ಅಂಗೈ ಕೆಳಗೆ ರಟ್ಟಿನ ಚೂರುಗಳನ್ನು ಒಂದರ ಮೇಲೊಂದು ತೂರಿಸಿದೆ. ಮೂರು ರಟ್ಟು.

ಮಾರ್ಚ್ 5, ಬುಧವಾರ

ಮೂರು ರಟ್ಟು.

ಅಂಟಿನ ಬ್ರಷ್ಷು ಮೂರು ಸಲ ಕೈಜಾರಿ ಬಿತ್ತು. ಹಿಡಿ ಸಣ್ಣ, ಮಡಚಿದ ಬೆರಳಿಗೆ ಸಿಗುವುದಿಲ್ಲ. ರಟ್ಟಿಗೆ ಹೊದಿಸುವ ಹಳೇ ಕ್ಯಾಲಿಕೋ ಬಟ್ಟೆ ಹರಿದು ಹಿಡಿಗೆ ಸುತ್ತಿದೆ. ಈಗ ಸೌದೆ ಹಿಡಿದ ಹಾಗಿದೆ, ಆದರೆ ಬೀಳುವುದಿಲ್ಲ. ವಕೀಲರ ಹನ್ನೆರಡು ಪುಸ್ತಕದಲ್ಲಿ ಎರಡು ಮುಗಿಯಿತು. ಮೊದಲಾಗಿದ್ದರೆ ಒಂದು ದಿನದ ಕೆಲಸ ಅಷ್ಟೂ.

ಮಾರ್ಚ್ 9, ಭಾನುವಾರ

ಹೆಂಡತಿ ಇದ್ದಾಗ ಭಾನುವಾರ ಅಂಗಡಿ ಬಾಗಿಲು ತೆಗೆದರೆ ಬೈಯುತ್ತಿದ್ದಳು. ಅವಳು ಹೋಗಿ ಒಂಬತ್ತು ವರ್ಷ. ಈಗ ಭಾನುವಾರವೂ ತೆಗೆಯುತ್ತೇನೆ. ಯಾರೂ ಬರುವುದಿಲ್ಲ. ಹಿಂದಿನ ಕೋಣೆಯಲ್ಲಿ ಎರಡು ಕುರ್ಚಿ ಇವೆ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ರಟ್ಟಿನ ರಾಶಿ. ರಟ್ಟು ಮಾತಾಡುವುದಿಲ್ಲ, ಅದೊಂದು ಒಳ್ಳೇದು.

ಚಹಾ ಕುಡಿಯುತ್ತ ಯೋಚನೆ ಹೊಳೆಯಿತು. ಡೊಂಕಾದ ರಟ್ಟನ್ನು ಏನು ಮಾಡುತ್ತೇವೆ? ತೇವ ಮಾಡಿ, ಪುಸ್ತಕ ಒತ್ತುವ ಪ್ರೆಸ್ಸಿನಲ್ಲಿಟ್ಟು, ತಿರುಪು ಬಿಗಿದು ಬಿಡುತ್ತೇವೆ. ನೆಟ್ಟಗಾಗದೆ ಎಲ್ಲಿ ಹೋಗುತ್ತದೆ? ಎಪ್ಪತ್ತೊಂದು ವರ್ಷದ ಕೈ ರಟ್ಟಿಗಿಂತ ಹೆಚ್ಚಿನದೇನಲ್ಲ. ಬಿಸಿನೀರಿನಲ್ಲಿ ಕೈ ನೆನೆಸಿದೆ, ಮೇಲೆ ಕೆಳಗೆ ಉಣ್ಣೆ ಬಟ್ಟೆ ಇಟ್ಟೆ, ಎಡಗೈಯಲ್ಲಿ ತಿರುಪು ಬಿಗಿದೆ. ಅರ್ಧ ಗಂಟೆ. ಕಣ್ಣಲ್ಲಿ ನೀರು ಬಂತು, ಅದು ಬೇರೆ ಮಾತು.

ಬಿಟ್ಟ ಮೇಲೆ ಎರಡೇ ರಟ್ಟು ಹೋಯಿತು! ಡಾಕ್ಟರುಗಳು ಏನು ಓದುತ್ತಾರೋ.

ಮಾರ್ಚ್ 13, ಗುರುವಾರ

ಬೆಳಗ್ಗೆ ಮೂರು. ಪ್ರೆಸ್ಸಿನ ನಂತರ ಎರಡೂವರೆ. ಸಂಜೆಗೆ ಮತ್ತೆ ಮೂರು. ಹಟಮಾರಿ ಕೈ. ಇನ್ನರ್ಧ ಸುತ್ತು ಬಿಗಿದೆ.

ಮಾರ್ಚ್ 18, ಮಂಗಳವಾರ

ಮೂರೂವರೆ. ಇನ್ನೊಂದು ಸುತ್ತು.

ಮಾರ್ಚ್ 22, ಶನಿವಾರ

ನಾಲ್ಕು.

ಮಾರ್ಚ್ 27, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ, ಪರೀಕ್ಷೆಗೆ ರಕ್ತ ಕೊಡಲು. ಕೊಟ್ಟು ಎದ್ದರೆ ಬಿಳಿ ಕೋಟಿನ ಒಬ್ಬಳು ಬಾಗಿಲಲ್ಲಿ ಕಾಯುತ್ತಿದ್ದಳು. ಮೂವತ್ತು ವರ್ಷ ಇರಬಹುದು. ಕೈಯಲ್ಲಿ ಮುಚ್ಚಳದ ಗಾಜಿನ ತಟ್ಟೆ.

"ಅಜ್ಜಾ, ಒಂದು ನಿಮಿಷ."

"ಯಾರಿಗೆ ಅಜ್ಜ?"

"ಯಜಮಾನ್ರೇ. ನಿಮ್ಮ ಕೈಯಿಂದ ತೆಗೀತಾರಲ್ಲ, ಆ ಹುರಿ. ಅದನ್ನ ನಮಗೆ ಕೊಡ್ತೀರಾ? ಸುಮ್ನೆ ಎಸೀತಾರೆ. ನಾನು ಅದರ ಮೇಲೆ ಕೆಲಸ ಮಾಡ್ತೀನಿ."

"ಅದರಲ್ಲಿ ಏನಿದೆ ಕೆಲಸ?"

ಅಷ್ಟು ಕೇಳಿದ್ದೇ ತಪ್ಪಾಯಿತು. ಬೆಂಚಿನ ಮೇಲೆ ಕೂರಿಸಿ ಪಾಠ ಶುರುಮಾಡಿದಳು. ಅರ್ಥವಾದಷ್ಟು ಬರೆದಿಡುತ್ತೇನೆ.

ಗಾಯ ಆದಾಗ ಒಂದು ಬಗೆಯ ಜೀವಕೋಶಗಳು ಅಲ್ಲಿಗೆ ಬರುತ್ತವೆ. ಕೊಲಾಜನ್ ಎಂಬ ನಾರು ನೇಯುತ್ತವೆ, ಗಾಯದ ಎರಡು ಅಂಚನ್ನೂ ಹಿಡಿದು ಎಳೆದು ಕೂಡಿಸುತ್ತವೆ. ನಾನು ಹರಿದ ಹಾಳೆ ಕೂಡಿಸಿದ ಹಾಗೆ. ಗಾಯ ಮಾಯ್ದ ಮೇಲೆ ಅವು ಸತ್ತುಹೋಗಬೇಕು, ಅದು ನಿಯಮ. ನನ್ನ ಅಂಗೈಯಲ್ಲಿರುವವು ಸಾಯುವುದಿಲ್ಲ. ಗಾಯವೇ ಇಲ್ಲದ ಕಡೆ ಕೂತು ನಾರು ನೇಯುತ್ತಿವೆ, ಎಳೆಯುತ್ತಿವೆ. ಎಳೆಯಿರಿ ಎಂದು ಸುದ್ದಿ ಒಯ್ಯುವ ಒಂದು ಪ್ರೋಟೀನ್ ಇದೆಯಂತೆ. ಅದರ ಹೆಸರು ಟಿಜಿಎಫ್-ಬೀಟಾ. ಆ ಪ್ರೋಟೀನ್ ನಾರಿನ ಸಂದಿಯಲ್ಲೇ ಬೀಗ ಹಾಕಿದ ಹಾಗೆ ಅಡಗಿರುತ್ತದೆ. ನಾರನ್ನು ಎಳೆದರೆ ಬೀಗ ಕಳಚುತ್ತದೆ. ಸುದ್ದಿ ಹೊರಗೆ ಬರುತ್ತದೆ. ಕೋಶಗಳು ಮತ್ತೆ ಎಳೆಯುತ್ತವೆ.

"ಅಂದ್ರೆ ಎಳೆದಷ್ಟೂ ಎಳೀತಾವೆ?"

"ಅಷ್ಟೇ ವಿಷಯ. ನಾನು ಆರು ವರ್ಷ ಓದಿದ್ದನ್ನ ಒಂದೇ ಮಾತಲ್ಲಿ ಹೇಳಿಬಿಟ್ರಿ."

ಆಮೇಲೆ ನಾನು ಬಾಯಿ ತಡೆಯಲಾರದೆ ಪ್ರೆಸ್ಸಿನ ವಿಷಯ ಹೇಳಿದೆ. ಅವಳ ಮುಖ ನೋಡಬೇಕಿತ್ತು.

"ಕೈಯನ್ನ... ಪುಸ್ತಕ ಒತ್ತೋ ಪ್ರೆಸ್ಸಲ್ಲಿ?"

"ರಟ್ಟು ನೆಟ್ಟಗಾಗುತ್ತಲ್ಲ?"

"ರಟ್ಟಿಗೆ ಜೀವ ಇಲ್ಲ ಯಜಮಾನ್ರೇ! ತಟ್ಟೇಲಿ ನೋಡಿದ್ದೀವಿ, ಬಿಗಿ ಹೆಚ್ಚಾದಷ್ಟೂ ಇವು ಜೋರಾಗ್ತಾವೆ. ಮನುಷ್ಯನ ಕೈಲಿ ಅಷ್ಟು ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೂ ಇವತ್ತಿಂದ ಬೇಡ. ದಮ್ಮಯ್ಯ."

ಕೊಡುತ್ತೇನೆ ಎಂದು ಸಹಿ ಹಾಕಿದೆ. ಅವಳ ಫಾರಮ್ಮಿನಲ್ಲೂ ಅದೇ ಪ್ರಶ್ನೆ.

"ಇದು ರಕ್ತಸಂಬಂಧದಲ್ಲಿ ಬರುತ್ತೆ. ಅಪ್ಪನಿಗೆ ಇತ್ತಾ?"

"ಅಪ್ಪ ಐವತ್ತಕ್ಕೇ ಹೋದ. ಅವನ ಕೈ ಚೆನ್ನಾಗಿತ್ತು."

"ಒಡಹುಟ್ಟಿದವರು?"

"ಒಬ್ಬ ಇದ್ದ."

"ತೀರಿಕೊಂಡ್ರಾ?"

"ಇಲ್ಲ."

ಅವಳು ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದಳು. ಏನೂ ಬರೆಯಲಿಲ್ಲ. ನಾನು ಎದ್ದು ಬಂದೆ.

ಮಾರ್ಚ್ 28, ಶುಕ್ರವಾರ

ಪ್ರೆಸ್ಸಿಗೆ ಕೈ ಇಡಲಿಲ್ಲ. ಕೆಲಸವೂ ಮಾಡಲಿಲ್ಲ.

ಅಪ್ಪನ ಕಾಲದಿಂದ ಅಂಗಡಿಯಲ್ಲಿ ಒಂದು ಪದ್ಧತಿ. ಪುಸ್ತಕ ಮುಗಿದ ಮೇಲೆ ಕಟ್ಟಿದವನು ಹೊದಿಕೆಯ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ಒತ್ತಬೇಕು. ಒಳಗೆ ಗಾಳಿ ಗುಳ್ಳೆ ಇದ್ದರೆ ಅಂಗೈಗೆ ಗೊತ್ತಾಗುತ್ತದೆ. ಒತ್ತಿ, "ಕೆಲಸ ಶುದ್ಧ" ಎನ್ನಬೇಕು. ಜಗಳ ಬಂದರೂ ಅದೇ. ಪ್ರೆಸ್ಸಿನ ಕಬ್ಬಿಣದ ಹಲಗೆ ಮೇಲೆ ಅಂಗೈ ಇಟ್ಟು ಮಾತು ಹೇಳಬೇಕು. ಬೆರಳು ಎತ್ತಿದವನು ಸುಳ್ಳುಗಾರ. ಅಪ್ಪನ ಕಾನೂನು. ನಾನು, ನನ್ನ ತಮ್ಮ, ಇಬ್ಬರೂ ಹಾಗೇ ಬೆಳೆದವರು.

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮುದಿ ಮೇಷ್ಟ್ರು ಒಂದು ಕಟ್ಟು ತಂದರು. ನಲವತ್ತು ವರ್ಷ ಹಕ್ಕಿಗಳನ್ನು ನೋಡಿ ಕೈಯಲ್ಲೇ ಬರೆದದ್ದು. ಹಾಳೆಯ ಅಂಚಿನ ತನಕ ಸಣ್ಣ ಅಕ್ಷರ. ಅಂಚು ಮುಟ್ಟಬೇಡಿ ಎಂದು ಎರಡು ಸಲ ಹೇಳಿ ಹೋಗಿದ್ದರು. ಕಟಿಂಗ್ ಮಿಷನ್ನಿನಲ್ಲಿ ಕಾಗದ ಎಲ್ಲಿಗೆ ನಿಲ್ಲಬೇಕೆಂದು ಇಡುವ ಅಳತೆಯ ತಡೆ ಎರಡು ಬೆರಳು ಒಳಗಿತ್ತು. ಒಂದೇ ಏಟಿಗೆ ಅಂಚಿನ ಅಕ್ಷರ ಅಷ್ಟೂ ಹೋಯಿತು. ಮೇಷ್ಟ್ರು ಬಂದಾಗ ಕಸದ ಬುಟ್ಟಿಯಲ್ಲಿ ಕೈ ಹಾಕಿ ಪಟ್ಟಿ ಪಟ್ಟಿಯಾದ ಕಾಗದವನ್ನು ಒಂದೊಂದೇ ಆರಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ತಡೆ ಇಟ್ಟವನು ನೀನೇ ಎಂದೆ ತಮ್ಮನಿಗೆ. ನಾನಲ್ಲ, ನೀನೇ ಎಂದ. ಹಾಗಾದರೆ ಪ್ರೆಸ್ಸಿನ ಮೇಲೆ ಅಂಗೈ ಇಡು ಎಂದೆ. ಮೇಷ್ಟ್ರು ಇನ್ನೂ ಅಲ್ಲೇ ನಿಂತಿದ್ದರು. ಅವನು ಇಟ್ಟ. ಎರಡು ಬೆರಳು ಮೇಲೆದ್ದೇ ಇದ್ದವು. "ನೆಟ್ಟಗೆ ಇಡೋ" ಎಂದೆ. ಇಡಲಿಲ್ಲ. "ಸುಳ್ಳ" ಎಂದೆ, ಮೇಷ್ಟ್ರ ಮುಂದೆ. ಕೈಯನ್ನು ಅಂಗಿಗೆ ಒರೆಸಿಕೊಂಡು ಹೊರಗೆ ಹೋದ. ಆಮೇಲೆ ಈ ಹೊಸಿಲು ತುಳಿದಿಲ್ಲ. ನಾನು ಕರೆಯಲೂ ಇಲ್ಲ. ಹೆಂಡತಿ ಸಾಯುವ ಮುಂಚೆ ಎರಡು ಸಲ ಹೇಳಿದಳು, ಮೈದುನನ್ನ ಕರೆಸಿ ಎಂದು. ಅವಳ ಮೇಲೂ ರೇಗಿದೆ.

ಯಾವ ಎರಡು ಬೆರಳು?

ಇಷ್ಟು ಬರೆದ ಮೇಲೆ ನನ್ನ ಕೈ ಮೇಜಿನ ಮೇಲಿಟ್ಟು ನೋಡಿದೆ.

ಏನೇ ಇರಲಿ, ಬಾಯಿ ಇತ್ತಲ್ಲ ಅವನಿಗೆ. ಹೇಳಬಹುದಿತ್ತು.

ಏಪ್ರಿಲ್ 2, ಬುಧವಾರ

ನಾಲ್ಕು ರಟ್ಟು.

ಊರಾಚೆ ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ತಮ್ಮ ಕೆಲಸಕ್ಕಿದ್ದಾನೆ ಎಂದು ಕಾಗದದ ಅಂಗಡಿಯವನು ಎಂದೋ ಹೇಳಿದ್ದ. ಆ ಕಡೆ ಬೇರೆ ಕೆಲಸವಿತ್ತು. ಇರಲಿಲ್ಲ, ಸುಳ್ಳು ಯಾಕೆ ಬರೆಯಲಿ, ಇದನ್ನು ಓದುವವರು ಯಾರು? ನೋಡಲೆಂದೇ ಹೋದೆ. ರಸ್ತೆಯ ಈಚೆ ಔಷಧಿ ಅಂಗಡಿಯ ನೆರಳಲ್ಲಿ ನಿಂತೆ.

ತಲೆ ಪೂರ್ತಿ ಬೆಳ್ಳಗಾಗಿದೆ. ಅಪ್ಪನ ಹಾಗೇ ಕಾಣುತ್ತಾನೆ, ಅಪ್ಪ ಅಷ್ಟು ವರ್ಷ ಬದುಕಿದ್ದರೆ. ಸೈಕಲ್ ಬಿಟ್ಟವರಿಗೆ ಟೋಕನ್ ಕೊಡುತ್ತಿದ್ದ. ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಚಿಮಟದ ಹಾಗೆ ಹಿಡಿದು ಕೊಡುತ್ತಿದ್ದ. ಉಳಿದ ಬೆರಳು ಅಂಗೈಯೊಳಗೆ ಹೂತುಹೋಗಿದ್ದವು. ಎರಡೂ ಕೈ ಹಾಗೇ.

ಬಿಸಿಲು ಹೆಚ್ಚಾಗಿತ್ತು. ಬಂದುಬಿಟ್ಟೆ.

ಏಪ್ರಿಲ್ 7, ಸೋಮವಾರ

ಆಸ್ಪತ್ರೆಯಿಂದ ಫೋನು. ಜೊತೆಗೆ ಯಾರು ಬರುತ್ತಾರೆ, ಹೆಸರು ಹೇಳಿ ಎಂದರು. ಯಾರೂ ಬರದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದಂತೆ, ಎರಡು ತಿಂಗಳು. ಎರಡು ತಿಂಗಳಲ್ಲಿ ಬೆರಳು ಅಂಗೈಗೆ ಅಂಟುತ್ತದೆ. ದಬ್ಬಣ ಹಿಡಿಯದ ಬೈಂಡರು ಏನು ಮಾಡಬೇಕು? ಬಾಗಿಲು ಹಾಕಿ ಆ ರಟ್ಟಿನ ರಾಶಿಯ ಜೊತೆ ಕೂರಬೇಕು.

ಹೇಳುತ್ತೇನೆ ಎಂದು ಫೋನಿಟ್ಟೆ. ಇಡೀ ದಿನ ಯಾರ ಹೆಸರೂ ತೋಚಲಿಲ್ಲ. ಗಿರಾಕಿಗಳ ಹೆಸರು ನೂರು ಗೊತ್ತು.

ಏಪ್ರಿಲ್ 9, ಬುಧವಾರ

ಹೋದೆ. ಈ ಸಲ ರಸ್ತೆ ದಾಟಿದೆ.

ಅವನು ತಲೆ ಎತ್ತದೆ, "ಗಾಡಿ ಎಲ್ಲಿ?" ಎಂದ.

"ಗಾಡಿ ಇಲ್ಲ."

ದನಿ ಕೇಳಿ ತಲೆ ಎತ್ತಿದ.

"ಗಾಡಿ ಇಲ್ದೋರು ಇಲ್ಲಿ ನಿಲ್ಲಬಾರ್ದು. ಬೇರೆಯವ್ರಿಗೆ ದಾರಿ ಬಿಡಬೇಕು."

ಏನು ಹೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಹೋಗಿದ್ದ ಮಾತು ಒಂದೂ ಬರಲಿಲ್ಲ. ಅವನ ಮುಂದಿನ ಹಲಗೆಯ ಮೇಲೆ ಬಲಗೈ ಇಟ್ಟೆ, ಆದಷ್ಟು ಚಪ್ಪಟೆಯಾಗಿ. ಟೋಕನ್ನಿನ ಕಟ್ಟು ಹಾಯುವಷ್ಟು ಸಂದಿ ಉಳಿಯಿತು. ಅವನು ಕೈಯನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಯಾವಾಗಿಂದ?"

"ನಾಲ್ಕು ವರ್ಷ ಆಯ್ತು. ನಿಂಗೆ?"

"ಮೂವತ್ತೆಂಟಕ್ಕೇ."

"ಹೇಳಬಹುದಿತ್ತಲ್ಲೋ!"

"ಕಿರುಚಬೇಡ, ಜನ ನೋಡ್ತಾರೆ. ಹೇಳಿದ್ರೆ ಏನ್ಮಾಡ್ತಿದ್ದೆ? ಡೊಂಕು ರಟ್ಟನ್ನೇ ಒಳಗೆ ಬಿಡ್ತಿರಲಿಲ್ಲ ನೀನು, ಡೊಂಕು ಕೈ ಇಟ್ಕೋತಿದ್ದೆಯಾ? ಓಡಿಸಿಬಿಡ್ತೀಯ ಅಂತ ಹೆದರಿ ನಾಲ್ಕು ವರ್ಷ ಮುಚ್ಚಿಟ್ಟೆ ಅಣ್ಣ. ಎಡಗೈಲಿ ದಬ್ಬಣ ಹಿಡಿಯೋದು ಕಲಿತೆ, ನಿಂಗೆ ಗೊತ್ತಾಗಲೇ ಇಲ್ಲ." ಒಬ್ಬನಿಗೆ ಟೋಕನ್ ಕೊಟ್ಟ. "ಕೊನೆಗೆ ಓಡಿಸಿದ್ದು ಓಡಿಸಿದ್ದೇ."

ನನಗೆ ರೇಗಿತು. ಯಾರ ಮೇಲೆ ಎಂದು ತಿಳಿಯಲಿಲ್ಲ.

"ಆ ಮಿಷನ್ನಿನ ತಡೆ..." ಎಂದೆ.

"ಇಪ್ಪತ್ತೆರಡು ವರ್ಷ ಅದನ್ನೇ ಯೋಚನೆ ಮಾಡಿದ್ದೀನಿ. ಅವತ್ತು ನಾನಲ್ಲ ಅಂತ ಖಂಡಿತ ಗೊತ್ತಿತ್ತು. ಈಗ ಗೊತ್ತಿಲ್ಲ. ನಾನೇ ಇರಬಹುದು."

"ನಾನೂ ಇರಬಹುದು" ಎಂದೆ.

ಹೇಳಿದ್ದು ನಾನೇ. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು.

ಅಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು. ಅವನು ಸೈಕಲ್ಲುಗಳ ನಡುವೆ ಹೋದ. ಬಂದ ಮೇಲೆ, "ನಾಳೆ ಆಪರೇಷನ್ನು. ಜೊತೆಗೊಬ್ಬರು ಬೇಕಂತೆ, ಅವರ ರೂಲು" ಎಂದೆ.

"ರಜಾ ಸಿಗಲ್ಲ."

"ಸರಿ."

ಆದರೂ ಫಾರಮ್ಮಿನಲ್ಲಿ ಅವನ ಹೆಸರೇ ಬರೆದೆ. ಆ ಜಾಗ ತುಂಬಿದರೆ ಸಾಕು, ಒಳಗೆ ಬಿಡುತ್ತಾರೆ. ಆಮೇಲಿನದು ಆಮೇಲೆ.

ಏಪ್ರಿಲ್ 10, ಗುರುವಾರ

ಎಡಗೈ ಬರಹ. ಮುಗಿಯಿತು. ನೋವು.

ಎಚ್ಚರ ಆದಾಗ ಬೆಂಚಿನ ಮೇಲೆ ಕೂತಿದ್ದ. ಟೋಕನ್ ಚೀಲ ಹೆಗಲಿಗೇ ಇತ್ತು. ಅಷ್ಟು ಜನರ ಸೈಕಲ್ಲು ಏನಾಯಿತೋ.

ಏಪ್ರಿಲ್ 12, ಶನಿವಾರ

ಮೊನ್ನೆ ಅಂಗಡಿ ಬಾಗಿಲ ತನಕ ಬಿಟ್ಟುಹೋದ. ಒಳಗೆ ಬಾ ಎಂದೆ. ಬರಲಿಲ್ಲ. ಹೊಸಿಲ ಮೇಲಿಂದ ಪ್ರೆಸ್ಸು ನೋಡಿ, "ತುಕ್ಕು ಹಿಡಿದಿದೆ" ಎಂದ. ಅಷ್ಟೇ ಮಾತು.

ತುಕ್ಕು ನಿಜ. ಇಷ್ಟು ದಿನ ಕಂಡಿರಲಿಲ್ಲ.

ಏಪ್ರಿಲ್ 24, ಗುರುವಾರ

ಹೊಲಿಗೆ ಬಿಚ್ಚಿದರು. ಡಾಕ್ಟರಮ್ಮನ ಹೊಲಿಗೆ ನನ್ನದಕ್ಕಿಂತ ಸಣ್ಣ, ಒಪ್ಪಿಕೊಳ್ಳಬೇಕು. ಕೆಳಗೆ ಗಾಜಿನ ತಟ್ಟೆಯವಳ ಕೋಣೆಗೆ ಹೋದೆ. ನನ್ನ ಸಾಮಾನು ಏನು ಮಾಡಿದ್ದಾಳೆ ಎಂದು ನೋಡುವ ಹಕ್ಕು ನನಗಿದೆ.

ಹುರಿಯಿಂದ ಜೀವಕೋಶ ಬಿಡಿಸಿ ಬೆಳೆಸುತ್ತಿದ್ದಾಳೆ. ತಟ್ಟೆಯಲ್ಲಿ ತಿಳಿಗೆಂಪು ಲೋಳೆ, ಅದೂ ಕೊಲಾಜನ್ನೇ ಅಂತೆ. ನಿನ್ನೆ ತಟ್ಟೆ ತುಂಬ ಇತ್ತಂತೆ. ಇವತ್ತು ಅಂಗಿಯ ಗುಂಡಿಯಷ್ಟಾಗಿ ನಡುವೆ ಮುದುಡಿಕೊಂಡಿತ್ತು. ಕೈ ಇಲ್ಲ, ಮೈ ಇಲ್ಲ, ಆದರೂ ಎಳೆಯುತ್ತಿವೆ.

"ಮೂರ್ಖ ಮುಂಡೇವು" ಎಂದೆ. "ಎಲ್ಲಿದೆ ಗಾಯ ಅಂತ ಎಳೀತಾವೆ?"

"ಗಾಯ ಇನ್ನೂ ಇದೆ ಅಂತ ಅವಕ್ಕೆ ಸುದ್ದಿ ಬರ್ತಾನೇ ಇದೆ."

"ಕೊಡೋರು ಯಾರು?"

"ಅವೇ. ಅವು ಎಳೆದ ನಾರಿಂದಲೇ ಬರೋ ಸುದ್ದಿ."

"ನಿಲ್ಲಿಸೋಕೆ ಆಗಲ್ವಾ?"

"ಅದನ್ನೇ ಹುಡುಕ್ತಾ ಇದ್ದೀನಿ. ಬಿಗಿ ಸಡಿಲ ಮಾಡಿದ್ರೆ ಕೆಲವು ತಾವಾಗೇ ಸುಮ್ಮನಾಗ್ತಾವೆ. ಎಲ್ಲ ಅಲ್ಲ."

ತಟ್ಟೆಯನ್ನು ತುಂಬ ಹೊತ್ತು ನೋಡಿದೆ. ಕಣ್ಣಿಗೆ ಔಷಧಿಯ ಘಾಟು ಹೊಡೆಯಿತು.

ಹೊರಡುವಾಗ, "ಆ ಫಾರಂ ತೆಗಿ" ಎಂದೆ. "ಅವತ್ತು ಖಾಲಿ ಬಿಟ್ಟಿದ್ದೆಯಲ್ಲ. ತಮ್ಮ ಅಂತ ಬರಿ. ಎರಡೂ ಕೈ. ಮೂವತ್ತೆಂಟನೇ ವಯಸ್ಸಿಂದ."

"ಅವರು ಇಲ್ಲಿಗೆ ಬರ್ತಾರಾ?"

"ಅವನ ಕೈ, ಅವನನ್ನ ಕೇಳು. ಡಾಕ್ಟರಿಗೆ ತೋರಿಸೋಕೆ ತಡ ಆಗಿಹೋಯ್ತಾ?"

"ತಡ ಆಗಿದೆ. ಆದ್ರೂ ತೋರಿಸಲಿ, ಯಜಮಾನ್ರೇ. ಪೂರ್ತಿ ಬಿಚ್ಚದಿದ್ರೂ ಸ್ವಲ್ಪ ಬಿಚ್ಚಬಹುದು."

ಹೇಳಲು ಸೈಕಲ್ ಸ್ಟ್ಯಾಂಡಿಗೆ ಹೋಗಬೇಕಾಯಿತು. ಫೋನ್ ನಂಬರು ಕೇಳಲು ಮರೆತಿದ್ದೆ. ಇವತ್ತೂ ಮರೆತೆ. ನೋಡೋಣ ಎಂದ. ಭಾನುವಾರ ಅವನಿಗೆ ರಜಾ ಅಂತೆ, ಕೇಳದೆಯೇ ಹೇಳಿದ.

ಮೇ 6, ಮಂಗಳವಾರ

ಒಂದೂವರೆ ರಟ್ಟು. ದಬ್ಬಣ ಹಿಡಿದೆ. ವಕೀಲರ ಮೂರನೇ ಪುಸ್ತಕ. ಹೊಲಿಗೆ ಸ್ವಲ್ಪ ಸಡಿಲ, ಆದರೆ ಹೊಲಿಗೆಯೇ.

ಮೇ 11, ಭಾನುವಾರ

ಬಂದಿದ್ದ. ಸೀಮೆಎಣ್ಣೆ ಬಟ್ಟೆಯಲ್ಲಿ ಪ್ರೆಸ್ಸಿನ ತಿರುಪು ಒರೆಸಿದ, ಮುಷ್ಟಿಯಲ್ಲೇ. ನಾನು ಚಹಾ ಮಾಡಿದೆ. ನಿಂತೇ ಕುಡಿದ, ಕೂರಲು ಜಾಗ ಇರಲಿಲ್ಲ. ಆ ಮೇಷ್ಟ್ರು ಇದ್ದಾರಾ ಎಂದು ಕೇಳಿದ. ಹೋಗಿ ಹತ್ತು ವರ್ಷವಾಯಿತು ಎಂದೆ. ಆಮೇಲೆ ವಕೀಲರ ಪುಸ್ತಕ ಎತ್ತಿ ನೋಡಿ, "ಹೊಲಿಗೆ ಸಡಿಲ" ಎಂದ.

"ನಿನ್ನ ಅಪ್ಪ ಬಂದು ಹೊಲೀತಾನಾ?" ಎಂದೆ.

"ನಿನ್ನ ಅಪ್ಪನೂ ಅವನೇ" ಎಂದ.

ಬುಧವಾರ ಕೈ ಡಾಕ್ಟರಿಗೆ ತೋರಿಸುತ್ತಾನಂತೆ. ಜೊತೆಗೊಬ್ಬರು ಬೇಕಾಗಬಹುದು. ನನಗೆ ಅವತ್ತು ಬೇರೇನು ಕೆಲಸ.

ಮೇ 15, ಗುರುವಾರ

ಒಂದು ರಟ್ಟು. ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಇಳಿಯದಿದ್ದರೂ ನಡೆಯುತ್ತದೆ ಎಂದಿದ್ದಾಳೆ ಡಾಕ್ಟರಮ್ಮ. ತಮ್ಮನಿಗೆ ಒಂದು ಕೈ ಮಾತ್ರ ಮಾಡುತ್ತಾರಂತೆ, ಜುಲೈಗೆ. ಇನ್ನೊಂದು ಹಾಗೇ.

ಕುರ್ಚಿಯ ಮೇಲಿನ ರಟ್ಟು ತೆಗೆದು ಗೋಡೆಗೆ ಜೋಡಿಸಿದೆ. ಧೂಳು ಹಿಡಿಯುತ್ತಿತ್ತು.

ಮಧ್ಯಾಹ್ನ ಇನ್ನೊಂದು ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿದೆ. ನನ್ನದಕ್ಕೆ ಸುತ್ತಿದ್ದನ್ನು ಮೊನ್ನೆಯೇ ಬಿಚ್ಚಿದ್ದೇನೆ, ಈಗ ನನಗೆ ಸಣ್ಣ ಹಿಡಿಯೂ ಸಿಗುತ್ತದೆ. ಇದು ಅದರ ಎರಡರಷ್ಟು ದಪ್ಪ ಬಂತು. ಬೆರಳೆಲ್ಲ ಮಡಚಿದ ಮುಷ್ಟಿಯೊಳಗೆ ತೂರಿಸಿದರೆ ಅಲ್ಲಾಡದೆ ನಿಲ್ಲಬೇಕು, ಅಷ್ಟು. ನನ್ನ ಕೈಯನ್ನು ಮೊದಲಿನ ಹಾಗೆ ಮಡಚಿ, ಹಿಡಿದು, ಮೂರು ಸಲ ನೋಡಿದೆ.

ಬಟ್ಟೆ ಉಳಿದಿತ್ತು, ಅದಕ್ಕೆ.